ತೊಡೆಯ ಮೇಲೆ ಕೂತ ಮಗು

ಡೊಂಬಿವ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮಗು ಎತ್ತಿಕೊಂಡು ನಿಂತವಳನ್ನು ಯಾರೂ ಹಾಗೇ ಬಿಡುವುದಿಲ್ಲ. ಸೀಟು ಕೊಡದಿದ್ದರೂ ಕೂತವರಲ್ಲಿ ಒಬ್ಬರು ಕೈ ಚಾಚಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಹೆಸರು, ಊರು ಕೇಳುವ ಪದ್ಧತಿಯಿಲ್ಲ. ನನ್ನ ಮಗಳು ಯಾರ ಕೈಗಾದರೂ ಸಲೀಸಾಗಿ ಹೋಗುತ್ತಿದ್ದಳು. ಈ ಸಲಿಗೆ ಯಾರಿಂದ ಬಂತೋ ಎಂದು ಗೊಣಗುತ್ತಿದ್ದೆ, ನನ್ನಿಂದಂತೂ ಅಲ್ಲ.

ಕಳೆದ ತಿಂಗಳು ಠಾಣೆ ಊರಿನ ವರ್ತಕ ನಗರದಲ್ಲಿರುವ ತಂಗಿಯ ಮನೆಗೆ ಹೊರಟಾಗ ಮಗಳ ಕೊರಳಲ್ಲಿ ಚಿನ್ನದ ಪದಕವಿತ್ತು. ಅತ್ತೆ ಊರಿನ ದೇವರ ಮುಂದಿಟ್ಟು ಪೂಜೆ ಮಾಡಿಸಿ, ಕಪ್ಪು ನೂಲಿನಲ್ಲಿ ಕಟ್ಟಿದ್ದರು. ಇನ್ನು ದೇವರು ನೋಡಿಕೊಳ್ಳುತ್ತಾನೆ ಎಂದಿದ್ದರು. ನಾನೂ ಭಕ್ತಿಯಿಂದ ಕೈ ಮುಗಿದಿದ್ದೆ.

ಗಾಡಿಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಹೆಂಗಸೊಬ್ಬಳು ಸೊಪ್ಪನ್ನು ಚೀಲಕ್ಕೆ ತುರುಕಿ ಮಗುವನ್ನು ತೆಗೆದುಕೊಂಡಳು. ಮಗಳು ಅವಳೆದೆಗೆ ಒರಗಿದಳು. ನಾನು ಬಗ್ಗಿ, ಆ ನೂಲನ್ನು ಹಿಂದಿನಿಂದ ಬೆರಳಿಗೆ ಸುತ್ತಿ ಹಿಡಿದು ನಿಂತೆ. ಕಾಯಲೆಂದು ಕಟ್ಟಿದ ದೇವರನ್ನು ನಾನೇ ಕಾಯುತ್ತಿದ್ದೆ.

ಆ ಹೆಂಗಸು ನನ್ನ ಬೆರಳನ್ನು ನೋಡಿದಳು. ಮಗುವನ್ನು ಬಳಸಿದ್ದ ಎರಡೂ ಕೈ ತೆಗೆದು, ನನಗೆ ಕಾಣುವಂತೆ ಪಕ್ಕದ ಚೀಲದ ಮೇಲಿಟ್ಟಳು. ನನಗೆ ಅರ್ಥವಾಯಿತು, ಮುಖ ಬಿಸಿಯಾಯಿತು. ಆದರೂ ನೂಲು ಬಿಡಲಿಲ್ಲ.

ಮುಂಬ್ರಾ ದಾಟುವಾಗ ಗಾಡಿ ಜಗ್ಗಿ ನಿಂತಿತು. ಹಿಡಿಯುವ ಕೈಯಿಲ್ಲದೆ ಮಗು ಮುಂದಕ್ಕೆ ಜಾರಿತು. ನನ್ನ ಬೆರಳಲ್ಲಿದ್ದ ನೂಲು ಅದರ ಕುತ್ತಿಗೆಯನ್ನು ಬಿಗಿದು, ಆಮೇಲೆ ಹರಿಯಿತು. ನಿಂತವರ ಕಾಲಿನ ಮೇಲೆ ಬಿದ್ದ ಮಗುವನ್ನು ಎತ್ತಲು ಬಾಗಿದ ಆ ಹೆಂಗಸು ಅರ್ಧಕ್ಕೇ ನಿಂತು ನನ್ನತ್ತ ನೋಡಿದಳು.

"ಅಬ್ ಪಕಡೂ ಕ್ಯಾ?"

ಈಗ ಹಿಡಿದುಕೊಳ್ಳಲೇ ಎಂದು ಅನುಮತಿ ಕೇಳಿದಳು. ತಲೆಯಾಡಿಸಿದೆ. ಕುತ್ತಿಗೆಯ ಕೆಂಪು ಗೆರೆಗೆ ಅವಳು ನಾನಿಳಿಯುವ ಠಾಣೆ ಸ್ಟೇಷನ್ ಬರುವವರೆಗೂ ಉಫ್ ಉಫ್ ಎಂದು ಊದಿದಳು. ನಾನು ಪದಕವನ್ನು ಪರ್ಸಿಗೆ ಹಾಕಿಕೊಂಡೆ. ತಪ್ಪಾಯಿತು ಎನ್ನಲು ನನಗೆ ನಾಲ್ಕು ಭಾಷೆ ಬರುತ್ತದೆ. ಒಂದರಲ್ಲೂ ಹೇಳದೆ ಇಳಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ನಂಬಿಕೆ ಹುಟ್ಟಿನಿಂದ ಬರುತ್ತದೋ ಕಲಿಸಿ ಬರುತ್ತದೋ, ಬಲ್ಲವರು ಹೇಳಲಿ. ಮೊನ್ನೆ ಅದೇ ಗಾಡಿಯಲ್ಲಿ ಒಬ್ಬ ಅಜ್ಜಿ ಕೈ ಚಾಚಿದರು. ಮಗಳು ಹೋಗದೆ ತಿರುಗಿ ನನ್ನ ಮುಖ ನೋಡಿದಳು. ಹೋಗು ಪುಟ್ಟಾ ಎಂದು ನಕ್ಕೆ. ಅವಳು ಆ ನಗುವನ್ನೂ ನಂಬಲಿಲ್ಲ.