ಕೆಂಪು ಗೆರೆ ಎಳೆದ ಸುದ್ದಿ

ಹೋದ ತಿಂಗಳು ಒಂದು ಸಂಜೆ ಭಟ್ಕಳದ ನಮ್ಮ ವಾಚನಾಲಯದ ಬಾಗಿಲಿಗೆ ಹತ್ತಿರದ ಬೆಳಕೆ ಹಳ್ಳಿಯ ಜಟ್ಟಪ್ಪ ನಾಯ್ಕ ಬಂದ. ಒಳಗೆ ಬರಲಿಲ್ಲ. ಚಪ್ಪಲಿ ಬಿಟ್ಟು ಹೊಸ್ತಿಲ ಆಚೆಯೇ ನಿಂತು ಕೇಳಿದ.

“ಮಾಸ್ತರ್ರೇ, ಆ ಬೊಂಬಾಯಿ ಪೇಪರು ಉಂಟಾ? ಹಳೇದು?”

ಯಾವ ಬೊಂಬಾಯಿ ಪೇಪರೆಂದು ನಾನು ಕೇಳಲಿಲ್ಲ. ಗೊತ್ತಿತ್ತು. ಆ ಪೇಪರನ್ನು ನಮ್ಮ ವಾಚನಾಲಯ ನಿಲ್ಲಿಸಿ ವರ್ಷವಾಗಿದೆ. ನಿಲ್ಲಿಸಿದ್ದು ನನ್ನ ಮಾತಿನ ಮೇಲೆ.

“ಇಲ್ಲ ಜಟ್ಟಪ್ಪ. ಎಂತಕ್ಕೆ ಬೇಕಿತ್ತು?” ಎಂದೆ.

“ನಮ್ಮ ಬೀದಿ ಸುದ್ದಿ ಯಾರಾದ್ರೂ ಬರ್ದಿದ್ರಾ ಅಂತ ನೋಡ್ಬೇಕಾಗಿತ್ತು. ನೀವು ಓದಿ ಹೇಳ್ತ್ರೇನೋ ಅಂತ ಬಂದೆ.”

ಅವನು ‘ನಮ್ಮ ಬೀದಿ’ ಎಂದದ್ದು ಬೆಳಕೆಯದ್ದನ್ನಲ್ಲ. ಸಮುದ್ರದಾಚೆಯ ಒಂದು ದೇಶದ ಬಂದರಿನ ಬೀದಿಯನ್ನು. ಭಟ್ಕಳದ ಒಬ್ಬ ಸಾಹೇಬರ ಜವಳಿ ಅಂಗಡಿ ಅಲ್ಲಿತ್ತು. ಜಟ್ಟಪ್ಪ ಎಂಟು ವರ್ಷ ಆ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿದು ಕೊಡುವ ಕೆಲಸದಲ್ಲಿದ್ದ. ಈಗ ಆ ಅಂಗಡಿ ಇಲ್ಲ. ಅವನ ಹೆಂಡತಿ ಮಾದೇವಿಯೂ ಇಲ್ಲ.

ಇಷ್ಟು ವಾರ ಈ ಕಾಲಮ್ಮಿನಲ್ಲಿ ಊರವರ ತಪ್ಪುಗಳನ್ನು ಹೇಳಿ ನಿಮ್ಮನ್ನು ನಗಿಸಿದ್ದೇನೆ. ಇವತ್ತು ನನ್ನದು ಹೇಳುತ್ತೇನೆ. ನಗು ಬರಲಿಕ್ಕಿಲ್ಲ.

ಆ ದೇಶಕ್ಕೆ ಒಬ್ಬ ನಾಯಕ. (ಹೆಸರು ಬರೆಯುವುದಿಲ್ಲ. ಬರೆದರೆ ಮಾದೇವಿಯನ್ನು ಬಿಟ್ಟು ನೀವೆಲ್ಲ ಅವನ ಪರ, ವಿರೋಧ ಎಂದು ಚರ್ಚೆಗೆ ಕೂರುತ್ತೀರಿ. ನಿಮ್ಮನ್ನು ನಾನು ಬಲ್ಲೆ.) ಕೋಟು, ಟೈ ಬಿಸಾಡಿ ರೈತರ ಬಟ್ಟೆ ತೊಟ್ಟವನು. ಅರಮನೆಯಂಥ ಬಂಗಲೆಯನ್ನು ಆಸ್ಪತ್ರೆ ಮಾಡಿದವನು. ಲಾರಿಯ ಮೇಲೆ ನಿಂತು ತನ್ನ ಜನರ ಭಾಷೆಯಲ್ಲಿ ‘ಈ ನೆಲ ನಿಮ್ಮದು’ ಎನ್ನುತ್ತಿದ್ದನಂತೆ. ಬಿಳಿಯರಿಗೆ ಬಿಸಿ ಮುಟ್ಟಿಸಿದವನೆಂದು ನಮಗೆಲ್ಲ ಅವನ ಮೇಲೆ ಬಹಳ ಪ್ರೀತಿ. ನಮ್ಮವರು ಇನ್ನೂ ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಿದ್ದಾಗ ಅವನೊಬ್ಬ ಹೀಗಿದ್ದ. ಪ್ರೀತಿ ಹುಟ್ಟದೆ ಏನಾದೀತು?

ನಾನೂ ಇದೇ ಕಾಲಮ್ಮಿನಲ್ಲಿ ಅವನನ್ನು ಹೊಗಳಿದ್ದೆ. ನಿಮ್ಮಲ್ಲಿ ಕೆಲವರು ಕಾರ್ಡು ಹಾಕಿ ‘ಚೆನ್ನಾಗಿ ಬರೆದಿರಿ’ ಎಂದಿದ್ದಿರಿ. ಆ ಕಾರ್ಡುಗಳನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದ್ದೆ.

ವಾಚನಾಲಯಕ್ಕೆ ಆಗ ಎರಡು ಇಂಗ್ಲಿಷ್ ಪೇಪರುಗಳು ಬರುತ್ತಿದ್ದವು. ಎರಡೂ ಕುಮಟೆಯ ಕಡೆಯಿಂದಲೇ. ಹೊನ್ನಾವರದಲ್ಲಿ ಲಾಂಚಿನ ಮೇಲೆ ಶರಾವತಿ ದಾಟಿ, ಕಾಸರಕೋಡಿನಲ್ಲಿ ಮತ್ತೆ ಬಸ್ಸು ಹತ್ತಿ ಬರುವಷ್ಟರಲ್ಲಿ ಅವು ಹಳಸಿರುತ್ತಿದ್ದವು. ಒಂದು ಪೇಪರಿಗೆ ಆ ನಾಯಕ ದೇವರು. ಇನ್ನೊಂದಕ್ಕೆ, ಅಂದರೆ ಬೊಂಬಾಯಿಯದಕ್ಕೆ, ಆ ದೇಶದಲ್ಲೇ ಒಬ್ಬ ಪ್ರತಿನಿಧಿ ಇದ್ದ. ಹೆಸರು ಹಾಕುತ್ತಿರಲಿಲ್ಲ. ‘ನಮ್ಮ ಪ್ರತಿನಿಧಿಯಿಂದ’ ಎಂದಷ್ಟೇ. ಆತನಿಗೆ ನಾಯಕನನ್ನು ಕಂಡರೆ ಆಗುತ್ತಿರಲಿಲ್ಲ. ಪ್ರತಿ ಸಾಲಿನಲ್ಲೂ ಚುಚ್ಚುತ್ತಿದ್ದ.

ವಾಚನಾಲಯದಲ್ಲಿ ಜಗಳ ಶುರುವಾಯಿತು. ಆತನನ್ನು ಬಿಳಿಯರು ಕೊಂಡಿದ್ದಾರೆ ಎಂದರು ಕೆಲವರು. ಪೇಪರು ನಿಲ್ಲಿಸಿ ಎಂದರು. ನಮ್ಮ ಸೆಕ್ರೆಟರಿ ಕಾಮತರು ರಿಟೈರಾದ ಪೋಸ್ಟ್ ಮಾಸ್ತರರು. ಎಲ್ಲವೂ ಕಾಗದದ ಮೇಲೆ ಇರಬೇಕು ಅವರಿಗೆ. “ನೀವು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು. ಆರು ತಿಂಗಳ ಪೇಪರು ನೋಡಿ ಒಂದು ರಿಪೋರ್ಟ್ ಬರೆದುಕೊಡಿ ಮಾಸ್ತರೇ. ಈ ಮನುಷ್ಯ ಪಕ್ಷಪಾತಿಯೋ ಅಲ್ಲವೋ” ಎಂದರು.

ಕೆಂಪು-ನೀಲಿ ಪೆನ್ಸಿಲ್ ಹಿಡಿದು ಕೂತೆ. ಹೊಗಳಿಕೆ ಕಂಡಲ್ಲಿ ನೀಲಿ, ತೆಗಳಿಕೆ ಕಂಡಲ್ಲಿ ಕೆಂಪು. ಕಾಂಪೊಸಿಷನ್ ನೋಟ್‌ಬುಕ್ ತಿದ್ದಿದ ಹಾಗೆ. ಮೂರು ಸಂಜೆಗಳಲ್ಲಿ ಮುಗಿಯಿತು. ನೀಲಿ ಬದಿ ಸವೆಯಲೇ ಇಲ್ಲ.

ಆತ ಪಕ್ಷಪಾತಿಯೇ. ಸಂಶಯವಿಲ್ಲ. ಒಂದೇ ಸಭೆಯ ಬಗ್ಗೆ ಒಂದು ಪೇಪರು ‘ಸಾಗರದಂತೆ ಹರಿದು ಬಂದ ಜನ’ ಎಂದರೆ, ಈತ ‘ಲಾರಿಗಳಲ್ಲಿ ತಂದು ಸುರಿದ ಜನ’ ಎನ್ನುತ್ತಿದ್ದ. ನಾಯಕ ಅತ್ತರೆ ‘ನಾಟಕ’, ನಕ್ಕರೆ ‘ಹಲ್ಲಿನ ಜಾಹೀರಾತು’. ಇಂಥವು ಎಷ್ಟೋ.

ಒಂದು ದಿನದ ಪೇಪರಿನ ಕೆಳಮೂಲೆಯಲ್ಲಿ ಸಣ್ಣ ಸುದ್ದಿಯೊಂದಿತ್ತು. ‘ಬಂದರು ಬೀದಿಯಲ್ಲಿ ಪರದೇಶದವರ ಅಂಗಡಿ ಬಾಗಿಲುಗಳ ಮೇಲೆ ಯಾರೋ ಸುಣ್ಣದ ಗುರುತು ಹಾಕಿ ಹೋಗಿದ್ದಾರೆ. ನಾಯಕರು ದೇಶಕ್ಕೆ ಚಿತ್ರಕಲೆಯನ್ನೂ ಕಲಿಸುತ್ತಿರುವಂತಿದೆ.’ ಎರಡನೇ ವಾಕ್ಯ ಓದಿ ನನಗೆ ಸಿಟ್ಟು ಬಂತು. ಅದರ ಕೆಳಗೆ ಎಳೆದ ಕೆಂಪು ಗೆರೆ ಮೊದಲನೇ ವಾಕ್ಯದ ಕೆಳಗೂ ಹಾದುಹೋಯಿತು.

ಸುಣ್ಣದ ಗುರುತು ನಿಜವಾಗಿ ಇತ್ತೇ ಎಂದು ನಾನು ಕೇಳಿಕೊಳ್ಳಲಿಲ್ಲ. ನಾನು ಹುಡುಕುತ್ತಿದ್ದದ್ದು ಆತನ ಅಡ್ಜೆಕ್ಟಿವ್‌ಗಳನ್ನು.

ಎರಡು ಹಾಳೆಯ ರಿಪೋರ್ಟನ್ನು ಮೀಟಿಂಗಿನಲ್ಲಿ ಓದಿದೆ. ಚಪ್ಪಾಳೆ ಬಿತ್ತು. ಬೊಂಬಾಯಿ ಪೇಪರು ನಿಂತಿತು.

ಇದಾಗಿ ಒಂದು ತಿಂಗಳಿಗೆ ಜಟ್ಟಪ್ಪ ನನ್ನ ಮನೆಗೆ ಬಂದ. ರಜೆಯ ಮೇಲೆ ಊರಿಗೆ ಬಂದು ಆರು ತಿಂಗಳಾಗಿತ್ತು. ಬೇಗ ಬಾ ಎಂದು ಸಾಹೇಬರ ಪತ್ರ ಬಂದಿತ್ತು. ಪತ್ರದಲ್ಲಿ ಬೇರೇನೂ ಇರಲಿಲ್ಲ.

“ಈ ಸಲ ಮಾದೇವಿನೂ ಕರ್ಕಂಡಿ ಹೋಗ್ವ ಅಂತ ಅದೆ ಮಾಸ್ತರ್ರೇ. ಮದಿಯಾಗಿ ಐದು ವರ್ಷಾತು, ಒಟ್ಟಿಗೆ ಇದ್ದದ್ದು ಎಷ್ಟು ದಿನ? ಆದ್ರೆ ಆ ಬೊಂಬಾಯಿ ಪೇಪರ್ನಲ್ಲಿ ಎಂತೆಂತೋ ಬತ್ತದೆ ಅಂತ್ರು. ಹೌದಾ?”

ಮಾದೇವಿಯೂ ಬಂದಿದ್ದಳು. ಜಗಲಿಯ ಕೆಳಗೆ ನಿಂತಿದ್ದಳು. ಗಂಡ ನನ್ನನ್ನು ಕೇಳುವಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ನಾನು ಅವನಿಗೆ ಉತ್ತರ ಕೊಡುವ ಬದಲು ಪ್ರಶ್ನೆ ಹಾಕಿದೆ. “ನೀನು ಕಣ್ಣಾರೆ ನೋಡಿದವ. ನಾಯಕ ಹೇಗೆ?”

“ಲಾರಿ ಮೇಲೆ ನಿತ್ಕಂಡಿ ಮಾತಾಡ್ತ. ನಂಗೆ ಆ ಭಾಷೆ ಪೂರಾ ತಿಳೂದಿಲ್ಲ. ಬಡವ್ರು, ಬಡವ್ರು ಅಂಬೂದು ತಿಳೀತದೆ. ನಾನೂ ಕೈ ತಟ್ಟಿ ಬಂದಿದ್ದೆ.”

ನನಗಿನ್ನೇನು ಬೇಕು? ಪ್ರತ್ಯಕ್ಷ ಸಾಕ್ಷಿಯೇ ನನ್ನ ಪಕ್ಷಕ್ಕೆ ಬಂದಂತಾಯಿತು.

“ಆ ಪೇಪರಿನವನಿಗೆ ಅವನ ಮೇಲೆ ದ್ವೇಷ. ನಾನು ಆರು ತಿಂಗಳದ್ದು ಪರೀಕ್ಷೆ ಮಾಡಿದ್ದೇನೆ. ನಂಬಬೇಡ. ಮಾದೇವಿಯನ್ನು ಕರೆದುಕೊಂಡು ಹೋಗು” ಎಂದೆ.

ಮಾದೇವಿ ನಕ್ಕಳು. ಅವರು ಬಂದದ್ದು ಒಪ್ಪಿಗೆಗೇ ಎಂದು ಆಗ ತಿಳಿಯಿತು. ಮುಂದಿನ ವಾರ ಇಬ್ಬರೂ ಮಂಗಳೂರಿಗೆ ಹೋದರು. ಅಲ್ಲಿಂದ ಮದ್ರಾಸು, ಅಲ್ಲಿಂದ ಹಡಗು.

ನಾಲ್ಕು ತಿಂಗಳಿಗೆ ಬಂದರು ಬೀದಿ ಸುಟ್ಟುಹೋಯಿತು. ನಾವು ಉಳಿಸಿಕೊಂಡಿದ್ದ ಪೇಪರಿನಲ್ಲಿ ಆ ವಾರ ಬಂದದ್ದು ಇಷ್ಟು: ‘ಅಲ್ಲಲ್ಲಿ ಸಣ್ಣಪುಟ್ಟ ಘಟನೆಗಳ ಹೊರತು ದೇಶ ಶಾಂತವಾಗಿದೆ.’ ಅದನ್ನು ಓದಿ ನಾನು ಸಮಾಧಾನದಿಂದ ಚಹಾ ಕುಡಿದಿರಬೇಕು. ನೆನಪಿಲ್ಲ.

ಜಟ್ಟಪ್ಪ ಊರಿಗೆ ಮರಳಿದಾಗ ಒಬ್ಬನೇ ಇದ್ದ. ಅಂಗಡಿ ಸುಟ್ಟ ಮೇಲೆ ಪರದೇಶದವರನ್ನೆಲ್ಲ ಬಂದರಿನ ಗೋದಾಮಿನಲ್ಲಿ ಕೂಡಿಹಾಕಿದ್ದರಂತೆ, ಹಡಗು ಬರುವವರೆಗೆ. ಒಳ್ಳೆಯ ನೀರಿಲ್ಲ. ವಾಂತಿ-ಭೇದಿ ಶುರುವಾಯಿತು. ಆರನೇ ದಿನ ಮಾದೇವಿ ಹೋದಳು. ಹಡಗು ಬಂದದ್ದು ಒಂಬತ್ತನೇ ದಿನ.

ಈ ಸಂಗತಿಯೆಲ್ಲ ಭಟ್ಕಳಕ್ಕೆ ತಿಳಿದಾಗ ನಾನು ಬೆಳಕೆಗೆ ಹೋಗಲಿಲ್ಲ. ಶಾಲೆಯಲ್ಲಿ ಪರೀಕ್ಷೆ ಎಂದು ನನಗೆ ನಾನೇ ಹೇಳಿಕೊಂಡೆ. ಕೊನೆಗೆ ಅವನೇ ವಾಚನಾಲಯದ ಬಾಗಿಲಿಗೆ ಬಂದ.

ಮರುದಿನ ರಜೆ ಹಾಕಿ ಕುಮಟೆಗೆ ಹೋದೆ. ನೀವು ಓದುತ್ತಿರುವ ಈ ಪತ್ರಿಕೆಯ ಆಫೀಸಿನಲ್ಲಿ ಬೊಂಬಾಯಿ ಪೇಪರಿನ ಹಳೆಯ ಕಟ್ಟುಗಳಿವೆ. ಎಡಿಟರು ಬೆಂಚು ಕೊಟ್ಟು ಕೂರಿಸಿದರು. ಎಂತಕ್ಕೆಂದು ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಒಳಪುಟದಲ್ಲಿ, ‘ನಮ್ಮ ಪ್ರತಿನಿಧಿಯಿಂದ’. ಕಟ್ಟನ್ನು ಒಯ್ಯುವಂತಿರಲಿಲ್ಲ. ಪೂರ್ತಿ ಕೈಯಲ್ಲಿ ಬರೆದುಕೊಂಡೆ.

ಭಾನುವಾರ ಬೆಳಗ್ಗೆ ಬೆಳಕೆಗೆ ಹೋದೆ. ಜಟ್ಟಪ್ಪ ಅಂಗಳದಲ್ಲಿ ಬಲೆ ಸರಿಮಾಡುತ್ತಿದ್ದ. ಈಗ ಅಣ್ಣನ ದೋಣಿಗೆ ಹೋಗುತ್ತಾನಂತೆ. ನನಗೆ ಮಣೆ ಹಾಕಿದ. ತಾನು ನೆಲದ ಮೇಲೆ ಕೂತ.

ಬಸ್ಸಿನಲ್ಲಿ ಬರುವಾಗ ಒಂದು ಯೋಚನೆ ಮಾಡಿದ್ದೆ. ಚುಚ್ಚುಮಾತುಗಳನ್ನು ಬಿಟ್ಟು ಸುದ್ದಿಯನ್ನಷ್ಟೇ ಕನ್ನಡ ಮಾಡಿ ಹೇಳೋಣವೆಂದು. ಅವನ ಎದುರು ಕೂತಾಗ ಅದಾಗಲಿಲ್ಲ. ಒಮ್ಮೆ ಅವನಿಗಾಗಿ ನಾನು ಆರಿಸಿ ಕೊಟ್ಟದ್ದು ಸಾಕಾಗಿತ್ತು. ಇದ್ದದ್ದು ಇದ್ದ ಹಾಗೆ ಓದಿದೆ.

“ಬಂದರು ಬೀದಿಯ ಎಡಬದಿಯ ಅಂಗಡಿಗಳು ಸುಟ್ಟಿವೆ, ಬಲಬದಿಯವನ್ನು ದೋಚಿದ್ದಾರೆ.”

“ಹೌದು. ನಮ್ದು ಎಡಬದಿ.”

“ಪೊಲೀಸರು ಮೂಲೆಯಲ್ಲಿ ಸಿಗರೇಟು ಸೇದುತ್ತ ನಿಂತಿದ್ದರು.”

“ನಿಂತದ್ದು ಹೌದು. ಸಿಗ್ರೇಟು ನಾ ಕಂಡಿಲ್ಲ.”

“ಇದೆಲ್ಲ ನಾಯಕನ ನೇರ ಅಪ್ಪಣೆಯಿಂದಲೇ ಆದದ್ದು.”

ಅವನು ಸ್ವಲ್ಪ ಯೋಚಿಸಿದ. “ಅದು ನಂಗೆ ಗೊತ್ತಿಲ್ಲ. ಅವ್ರಿಗೆ ಹ್ಯಾಂಗೆ ಗೊತ್ತಾತು?”

“ಹೇಗೆಂದು ಆತ ಬರೆದಿಲ್ಲ” ಎಂದೆ. ಮುಂದೆ ಓದಿದೆ. “ಈ ದೇಶದ ಜನ ಕುರಿಗಳು. ಒಬ್ಬನಾದರೂ ತಡೆಯಲು ಮುಂದೆ ಬರಲಿಲ್ಲ.”

“ಇದು ಸುಳ್ಳು” ಎಂದ ಜಟ್ಟಪ್ಪ. ಮೊದಲ ಸಲ ದನಿ ಗಟ್ಟಿಯಾಯಿತು. “ಎದ್ರಿನ ಮನೆ ಮುದುಕಿ ನಮ್ಮಿಬ್ರನ್ನೂ ಎರಡು ದಿನ ಒಳಗೆ ಇಟ್ಕಂಡಿತ್ತು. ಅವ್ಳು ಅಲ್ಲಿಯವ್ಳೇಯ. ಗಂಜಿ ಮಾಡಿ ಹಾಕ್ತು. ಬಾಗ್ಲಿಗೆ ಬಂದವ್ರಿಗೆ ಬೈದು ಕಳ್ಸ್ತು. ಇದನ್ನ ಬರೀಲಿಲ್ವಾ?”

“ಇಲ್ಲ.”

“ಬರೀಬೇಕಾಗಿತ್ತು.”

ಆರು ತಿಂಗಳ ಪೇಪರಿನ ನನ್ನ ಪರೀಕ್ಷೆಯ ಬೆಲೆ ಏನೆಂದು ಆ ಅಂಗಳದಲ್ಲಿ ನನಗೆ ಅರ್ಥವಾಯಿತು. ಇಂಗ್ಲಿಷ್ ಬಾರದ ಈ ಮನುಷ್ಯ, ಹೆಂಡತಿಯನ್ನು ಕಳೆದುಕೊಂಡವನು, ಒಂದೊಂದೇ ಮಾತನ್ನು ಎತ್ತಿ ನೋಡಿ ಇದು ಕಂಡದ್ದು, ಇದು ಕಾಣದ್ದು, ಇದು ಸುಳ್ಳು ಎಂದು ಬೇರೆ ಮಾಡುತ್ತಿದ್ದ. ಆ ನಾಯಕನ ಮೇಲೂ ಗೊತ್ತಿಲ್ಲದ್ದನ್ನು ಹೊರಿಸಲಿಲ್ಲ. ನಾನು ಬರಹದ ದನಿ ಕೇಳಿಯೇ ತೀರ್ಪು ಕೊಟ್ಟಿದ್ದೆ.

ಕೊನೆಯ ಪ್ಯಾರಾ ಉಳಿದಿತ್ತು. ಓದಬೇಕಾಯಿತು.

“ಗೋದಾಮಿನಲ್ಲಿ ದಿನಕ್ಕೆ ಒಬ್ಬಿಬ್ಬರು ಸಾಯುತ್ತಿದ್ದಾರೆ. ನಾನು ಬಾಗಿಲಲ್ಲಿ ನಿಂತಿದ್ದಾಗ ಒಬ್ಬ ಎಳೆಯ ಹೆಂಗಸನ್ನು ಹೊರಗೆ ತಂದರು. ಜೊತೆಗೆ ಗಂಡ ಇದ್ದ. ಅವನ ಹತ್ತಿರ ಮಾತಾಡಲು ನನಗೆ ಆಗಲಿಲ್ಲ.”

ಇಲ್ಲಿ ಚುಚ್ಚುಮಾತು ಇರಲಿಲ್ಲ.

ಜಟ್ಟಪ್ಪ ಬಲೆಯನ್ನು ಕೆಳಗಿಟ್ಟ. “ಯಾವ ದಿನ ಬರ್ದದ್ದು?”

ಹೇಳಿದೆ. ಬೆರಳು ಮಡಚಿ ಎಣಿಸಿದ. ಒಂದು ಸಲ. ಮತ್ತೊಂದು ಸಲ.

“ಅದೇ ದಿನ. ಚಷ್ಮಾ ಹಾಕಿದವ್ರು ಒಬ್ರು ಬಾಗ್ಲಲ್ಲಿ ಇದ್ರು. ಪುಸ್ತ್ಕ ಕೈಯಲ್ಲಿತ್ತು, ಬರೀತಿರ್ಲಿಲ್ಲ. ಸರ್ಕಾರದವ್ರು ಅಂತ ಮಾಡಿದ್ದೆ.” ಆಮೇಲೆ ಕೇಳಿದ. “ಮಾಸ್ತರ್ರೇ, ನೀವು ನಂಬ್ಬೇಡ ಅಂದಿದ್ರಲ್ಲ, ಅವ್ರೂ ಇವ್ರೂ ಒಬ್ರೇಯಾ?”

“ಒಬ್ಬನೇ.”

“ಆತು” ಎಂದ.

ಅಷ್ಟೇ. ಬೈಯಲಿಲ್ಲ. ಎದ್ದು ಒಳಗೆ ಹೋಗಿ ನನಗೆ ಬೆಲ್ಲ, ನೀರು ತಂದುಕೊಟ್ಟ. ಕುಡಿದೆ. ಹೊರಡುವಾಗ, ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ ಒಂದು ಮಾತು ಅಂದ.

“ಬಡವ್ರು ಬಡವ್ರು ಅಂತಿದ್ದ. ಅದ್ರಲ್ಲಿ ನಾನೂ ಇದ್ದೆ ಅಂತ ಮಾಡ್ಕಂಡಿದ್ದೆ.”

ಕಳೆದ ಬುಧವಾರ ವಾಚನಾಲಯದ ಮೀಟಿಂಗಿನಲ್ಲಿ ಬೊಂಬಾಯಿ ಪೇಪರನ್ನು ಮತ್ತೆ ತರಿಸೋಣ ಎಂದೆ. ಎಲ್ಲರಿಗೂ ವಿಷಯ ಗೊತ್ತು. ಕಾಮತರು ಫೈಲು ತೆಗೆದು ನನ್ನ ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟರು.

“ತರಿಸುವ. ಆದರೆ ಆ ಪ್ರತಿನಿಧಿ ಪಕ್ಷಪಾತಿ ಅಲ್ಲ ಎಂದು ಈಗ ಬರೆದುಕೊಡ್ತೀರಾ ಮಾಸ್ತರೇ?” ಎಂದರು. ವ್ಯಂಗ್ಯವಲ್ಲ. ಅವರ ಪದ್ಧತಿಯೇ ಹಾಗೆ.

ಬರೆದುಕೊಡಲು ನನ್ನಿಂದಾಗಲಿಲ್ಲ. ಆತ ಪಕ್ಷಪಾತಿಯೇ. ಅವತ್ತೂ ಆಗಿದ್ದ, ಇವತ್ತೂ ಹೌದು. ಆ ಮುದುಕಿಯನ್ನು ಆತ ನೋಡಲೇ ಇಲ್ಲ. ಆದರೂ ಆತ ಆ ಗೋದಾಮಿನ ಬಾಗಿಲಿಗೆ ಹೋಗಿದ್ದ. ಇಲ್ಲಿ ಬೆಳಕೆಗೆ ಹೋಗಲು ನನಗೆ ಎಷ್ಟು ದಿನ ಬೇಕಾಯಿತು?