ಕೆರೆ ತೂಬಿನ ನರಿ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನನ್ನ ಗಂಡ ಬೆಂಗಳೂರಿನ ಬಟ್ಟೆ ಮಿಲ್ಲಿಗೆ ಸೇರಿದರು. ವಾರಕ್ಕೊಮ್ಮೆ ಬರುವರು, ಉಣ್ಣುವರು, ಮಲಗುವರು, ಮತ್ತೆ ಹೊರಡುವರು. ಅವರು ಬಿಟ್ಟುಹೋದ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ನನ್ನ ಪಾಲಿನದು ಹೇಗೂ ನನ್ನದೇ ಆಗಿತ್ತು. ಸಮೇತನಹಳ್ಳಿಯಿಂದ ಸ್ವಲ್ಪ ಆಚೆಗೆ ಇದ್ದ ಸಣ್ಣ ಊರು ನಮ್ಮದು. ಮನೆಯಲ್ಲಿ ಅತ್ತೆ, ಮಾವ, ಜೋಡಿ ಎತ್ತು, ಒಂದು ಎಮ್ಮೆ. ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ, ಆದರೂ ಬೆನ್ನು ಚಾಪೆಗೆ ತಾಗಿದಾಗ ಮುದುಕಿಯ ಹಾಗೆ ನರಳುತ್ತಿದ್ದೆ. ಈಗ ನಿಜವಾಗಿಯೂ ಮುದುಕಿಯಾಗಿದ್ದೇನೆ, ಅಷ್ಟೊಂದು ನರಳುವುದಿಲ್ಲ.

ಕುಡಿಯುವುದಕ್ಕೆ ಊರಬಾವಿಯ ನೀರು, ದನಗಳಿಗೆ ಮತ್ತು ಪಾತ್ರೆ ತೊಳೆಯುವುದಕ್ಕೆ ಕೆರೆಯ ನೀರು. ರಾಗಿ ಬೀಸಿ ಮುಗಿಸಿ, ನಸುಕಿನಲ್ಲಿ ಕೆರೆಗೆ ಹೋಗುತ್ತಿದ್ದೆ. ಬಿಂದಿಗೆ ತುಂಬಿಸಿ ತೂಬಿನ ಕಲ್ಲಿನ ಮೇಲೆ ಒಂದು ಗಳಿಗೆ ಕೂರುತ್ತಿದ್ದೆ. ಇಡೀ ದಿನದಲ್ಲಿ ಯಾರೂ ನನ್ನನ್ನು ಕರೆಯದ ಹೊತ್ತು ಅದೊಂದೇ.

ಆ ಹೊತ್ತಿಗೆ ಒಂದು ನರಿ ನೀರಿಗೆ ಬರುತ್ತಿತ್ತು. ಹೆಣ್ಣು ನರಿ, ಮೈ ಸೊರಗಿತ್ತು, ಎಡಗಿವಿಯ ತುದಿ ಹರಿದು ಎರಡು ಸೀಳಾಗಿತ್ತು. ಮೊದಲ ದಿನ ನನ್ನನ್ನು ನೋಡಿ ನಿಂತಿತು. ನಾನೂ ಅಲ್ಲಾಡಲಿಲ್ಲ. ಎದ್ದು ಓಡುವಷ್ಟು ತ್ರಾಣ ನನ್ನಲ್ಲಿ ಇರಲಿಲ್ಲ ಅನ್ನುವುದೇ ನಿಜ. ಅದು ನೀರು ಕುಡಿಯಿತು, ಕೆಸರಿನಲ್ಲಿ ಏಡಿ ಹುಡುಕಿತು, ಹೋಯಿತು. ಆಮೇಲೆ ದಿನವೂ ಹಾಗೆಯೇ. ಬರಬರುತ್ತಾ ನಾಲ್ಕು ಮಾರು ದೂರದಲ್ಲೇ ಕುಡಿಯತೊಡಗಿತು. ಕುಡಿದು ತಲೆಯೆತ್ತಿ ನನ್ನನ್ನೊಮ್ಮೆ ನೋಡುವುದು. ಮನೆಯಲ್ಲಿ ನನ್ನತ್ತ ನೋಡುವ ಪ್ರತಿ ಕಣ್ಣಿಗೂ ಏನಾದರೊಂದು ಬೇಕಾಗಿರುತ್ತಿತ್ತು, ಎಮ್ಮೆಯನ್ನೂ ಸೇರಿಸಿ. ಈ ಎರಡು ಕಣ್ಣಿಗೆ ಏನೂ ಬೇಡವಾಗಿತ್ತು. ಗುಡಿಯಲ್ಲಿ ಕೈ ಮುಗಿದು ನಿಂತಾಗಲೂ ನಾನು ಏನನ್ನೋ ಬೇಡುತ್ತಿದ್ದೆ. ಇಲ್ಲಿ ಬೇಡುವುದೂ ಇರಲಿಲ್ಲ, ಕೊಡುವುದೂ ಇರಲಿಲ್ಲ. ನನಗೆ ದೇವರು ಅಂತ ಸ್ವಲ್ಪವಾದರೂ ಹತ್ತಿರವಾಗಿದ್ದರೆ ಅದು ಆ ತೂಬಿನ ಹತ್ತಿರವೇ. ಇದನ್ನು ಯಾರ ಬಳಿಯೂ ಹೇಳಲಿಲ್ಲ. ಹೇಳಿದ್ದರೆ ಗಾಳಿ ಸೋಕಿದೆ ಅಂತ ಯಂತ್ರ ಕಟ್ಟಿಸುತ್ತಿದ್ದರು.

ನಮ್ಮೂರಲ್ಲಿ ಸಂಕ್ರಾಂತಿಗೆ ಒಂದು ಪದ್ಧತಿ ಇತ್ತು. ಹಬ್ಬಕ್ಕೆ ಎರಡು ದಿನ ಮುಂಚೆ ಗಂಡಸರು ಬಲೆ ಕಟ್ಟಿ, ಪೊದೆ ಬಡಿದು, ಒಂದು ನರಿ ಹಿಡಿಯುವರು. ಹಬ್ಬದ ಸಂಜೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಿವಿ ಚುಚ್ಚಿ ಓಲೆ ಹಾಕಿ, ಊರೆಲ್ಲ ಅದರ ಮುಖ ನೋಡಿದ ಮೇಲೆ ಬಿಟ್ಟುಬಿಡುವರು. ಅದು ಓಡಿದ ಹಿಂದೆಯೇ ದನಗಳಿಗೆ ಕಿಚ್ಚು ಹಾಯಿಸುವುದು. ನರಿ ಮುಖ ನೋಡಿದರೆ ವರ್ಷವೆಲ್ಲ ಒಳ್ಳೆಯದು ಅಂತ ನಂಬಿಕೆ. ಹಿಂದೆ ಚಿನ್ನದ ಓಲೆಯನ್ನೇ ಹಾಕುತ್ತಿದ್ದರಂತೆ, ನಮ್ಮ ಕಾಲಕ್ಕೆ ತಾಮ್ರದ್ದಕ್ಕೆ ಇಳಿದಿತ್ತು. ಬಲೆ ನಮ್ಮ ಮನೆಯ ಅಟ್ಟದಲ್ಲಿರುತ್ತಿತ್ತು, ಹಿಡಿದ ನರಿಯೂ ನಮ್ಮ ಕೊಟ್ಟಿಗೆಯಲ್ಲೇ. ಅದು ಮಾವನ ಮನೆತನದ ಹಕ್ಕು. ನೀರು ಇಡುವುದು ಮಾತ್ರ ನನ್ನ ಕೆಲಸ.

ಆ ವರ್ಷ ಅವರು ಹಿಡಿದು ತಂದದ್ದು ನನ್ನ ನರಿಯನ್ನು.

ಕುರಿಮರಿ ಮುಚ್ಚಿಡುವ ಬಿದಿರಿನ ಗೂಡಿನೊಳಗೆ ಅದನ್ನು ತುರುಕಿದ್ದರು. ಮಾವ ಬಗ್ಗಿ ಕಿವಿ ನೋಡಿದರು, ಮತ್ತೆ ನೋಡಿದರು, ಆಮೇಲೆ ಅವರ ಮುಖ ಅರಳಿತು.

"ಇದು ನಮ್ದೇ ನರಿ ಕಣ್ರಪ್ಪಾ. ಹಿಂದೆ ನಾವೇ ಓಲೆ ಹಾಕಿ ಬಿಟ್ಟಿದ್ದು. ಪೊದೆಗೆ ಸಿಕ್ಕಿ ಕಿವಿ ಹರ್ದೈತೆ ನೋಡಿ," ಅಂದರು.

ಜೊತೆಗಿದ್ದವರೆಲ್ಲ ಕೈ ಮುಗಿದರು. ಲಕ್ಷ್ಮಿ ಅದೇ ಮನೆಗೆ ಎರಡನೇ ಸಲ ನಡೆದು ಬಂದಿದ್ದಾಳೆ, ಊರಿನ ಮೇಲೆ ಈ ನರಿಗೆ ಪ್ರೀತಿ ಇದೆ, ಇನ್ನು ವರ್ಷವರ್ಷವೂ ಇದನ್ನೇ ಹಿಡಿಯೋಣ ಅಂತ ಅಲ್ಲೇ ತೀರ್ಮಾನವಾಯಿತು. ಬಲೆ ಹಾಕಿ ತಂದದ್ದನ್ನು ನಡೆದು ಬಂದಳು ಅನ್ನುತ್ತಾರಲ್ಲ ಅಂದುಕೊಂಡೆ. ನನ್ನನ್ನು ಈ ಮನೆ ತುಂಬಿಸಿಕೊಂಡಾಗಲೂ ಲಕ್ಷ್ಮಿ ಬಂದಳು ಅಂತಲೇ ಹೇಳಿದ್ದರು.

ಎರಡು ದಿನವೂ ಅದು ಮಾಂಸ ಮುಟ್ಟಲಿಲ್ಲ. ನೀರನ್ನೂ ಮುಟ್ಟಲಿಲ್ಲ. ಕೆಲಸದ ನಡುವೆ ಹೋಗಿ ಹೋಗಿ ನೋಡಿದೆ. ನಾನು ಅಂತ ಗೊತ್ತಾದರೆ ಕುಡಿದೀತು ಅಂದುಕೊಂಡು ಕೂತು ಮೆಲ್ಲಗೆ ಮಾತನಾಡಿಸಿದೆ. ಅದು ಗೋಡೆಯ ಕಡೆ ತಿರುಗಿ ಮಲಗಿತ್ತು, ನನಗೆ ಮುಖ ಕೊಡಲಿಲ್ಲ. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಅದರ ಕಣ್ಣಿಗೆ ನಾನೂ ಆ ಬಲೆಯವರ ಮನೆಯವಳೇ ತಾನೆ. ಹಬ್ಬದ ಅಡುಗೆಗೆ ಹೊತ್ತಾಗಿತ್ತು, ಅವರೆಕಾಳು ಹಿದುಕುವುದು ರಾಶಿ ಬಿದ್ದಿತ್ತು. ಎದ್ದು ಹೋದೆ. ಹಿದುಕುತ್ತಾ ಕೂತವಳಿಗೆ ಒಂದೇ ಚಿಂತೆ: ಸಂಜೆಯವರೆಗೆ ಅದರ ಜೀವ ನಿಂತೀತೇ?

ಸಂಜೆ ಊರಮುಂದಿನ ಬಯಲಿಗೆ ಗೂಡು ಹೊತ್ತು ತಂದರು. ಎಡಗಿವಿ ಹರಿದಿದ್ದರಿಂದ ಬಲಗಿವಿ ಚುಚ್ಚಿದರು. ಜನ ಸಾಲಾಗಿ ಬಂದು ಬಗ್ಗಿ ಮುಖ ನೋಡಿ ಹೋದರು. ಕೊಂಬಿಗೆ ಬಣ್ಣ ಹಚ್ಚಿದ ದನಗಳು, ಹುಲ್ಲಿನ ಕಿಚ್ಚು, ತಮಟೆ. ಗೂಡಿನ ಬಾಗಿಲು ತೆಗೆದರು. ನರಿ ಹೊರಗೆ ಬಂತು, ನಾಲ್ಕು ಹೆಜ್ಜೆ ಇಟ್ಟಿತು, ಕಾಲು ನಡುಗಿ ಕೂತುಬಿಟ್ಟಿತು.

ನರಿ ಓಡದೆ ಕೂರುವುದು ಊರಿಗೆ ಕೆಟ್ಟದ್ದು. ತಮಟೆ ಇನ್ನೂ ಜೋರಾಯಿತು. ಯಾರೋ ಕೋಲು ತನ್ನಿ ಅಂದರು. ಅದು ಕೂತೇ ಇತ್ತು, ಬಾಯಿ ತೆರೆದು ಏದುಸಿರು ಬಿಡುತ್ತಾ. ನಾನು ಹೆಂಗಸರ ಸಾಲಿನಲ್ಲಿ ನಿಂತಿದ್ದವಳು ಅಲ್ಲೇ ನೆಲಕ್ಕೆ ಕೂತೆ. ಬೇಕೆಂದು ಕೂತದ್ದಲ್ಲ. ಅದರ ಸುಸ್ತು ನನಗೆ ಗೊತ್ತಿದ್ದ ಸುಸ್ತೇ. ಅಷ್ಟು ಜನರ ಎದುರು ಸೊಸೆ ಹಾಗೆ ಕೂರಬಾರದು. ಪಕ್ಕದಲ್ಲಿದ್ದ ಅತ್ತೆ ನನ್ನನ್ನು ನೋಡಿದರು, ನರಿಯನ್ನು ನೋಡಿದರು. ಬೈಯುತ್ತಾರೆ ಅಂತ ತಲೆ ತಗ್ಗಿಸಿದೆ.

"ನಿಲ್ಸ್ರೋ ಆ ತಮಟೇನ. ಅದ್ಕೆ ಸುಸ್ತಾಗೈತೆ," ಅಂದರು ಅತ್ತೆ.

ಅವರ ಬಾಯಿಂದ ಸುಸ್ತು ಅನ್ನುವ ಪದ ಕೇಳಿದ್ದು ಅದೇ ಮೊದಲು. ತಮಟೆ ನಿಂತಿತು. ಸ್ವಲ್ಪ ಹೊತ್ತಿಗೆ ನರಿ ಎದ್ದಿತು, ಓಡಲಿಲ್ಲ, ಮೈ ಎಳೆದುಕೊಂಡು ಕೆರೆ ಏರಿಯ ಕಡೆಗೆ ನಡೆದು ಹೋಯಿತು. ಗಂಡಸರು ದನಗಳನ್ನು ಕಿಚ್ಚಿಗೆ ಅಟ್ಟಿದರು. ಅತ್ತೆ ನನ್ನ ರಟ್ಟೆ ಹಿಡಿದು ಎಬ್ಬಿಸಿ, ಎಮ್ಮೆ ಕರೆಯೋ ಹೊತ್ತಾಯ್ತು ಅಂದರು.

ನರಿ ಬದುಕಿಕೊಂಡಿತು. ಎಷ್ಟೋ ದಿನಗಳಾದ ಮೇಲೆ ಒಂದು ಬೆಳಿಗ್ಗೆ ತೂಬಿನ ಆಚೆ ಕಾಣಿಸಿತು. ಈಗ ಎರಡು ಕಿವಿಯೂ ಸೀಳು, ಓಲೆ ಇರಲಿಲ್ಲ. ನನ್ನನ್ನು ಕಂಡದ್ದೇ ತಡ, ನೀರಿಗೆ ಬಾಯಿಡದೆ ಓಡಿತು. ಮತ್ತೆ ಬಂದಾಗಲೂ ಹಾಗೆಯೇ. ನನಗೆ ಸಂಕಟವಾಗುತ್ತಿತ್ತು. ಆದರೂ ಅದು ಓಡುವುದನ್ನು ನೋಡಿ ಒಳಗೊಳಗೇ, ಓಡು ತಾಯಿ, ಹಾಗೇ ಓಡು ಅನ್ನುತ್ತಿದ್ದೆ. ಮನುಷ್ಯರ ಮುಖ ನೋಡಿ ಅದಕ್ಕೆ ಯಾವ ಒಳ್ಳೆಯದೂ ಆಗಿರಲಿಲ್ಲ.

ಮುಂದಿನ ಸಂಕ್ರಾಂತಿಗೆ ಮಾವ ಅಟ್ಟದಿಂದ ಬಲೆ ಇಳಿಸಿ ಜಗಲಿಯ ಮೇಲೆ ಹರವಿಕೊಂಡು ಕೂತರು. ನಾನು ಬಿಂದಿಗೆ ಹೊತ್ತು ಒಳಗೆ ಬರುತ್ತಿದ್ದೆ.

"ಏನಮ್ಮಾ, ದಿನಾ ಕೆರೆ ತಾವ ಓಗ್ತೀಯಲ್ಲ, ನಮ್ ನರಿ ಕಣ್ಣಿಗೆ ಬಿತ್ತಾ?" ಅಂತ ಕೇಳಿದರು.

ಅರ್ಧ ಗಳಿಗೆ ಮುಂಚೆ ಅದು ಯಾವ ಪೊದೆಗೆ ನುಗ್ಗಿತು ಅಂತ ನೋಡಿಯೇ ಬಂದಿದ್ದೆ.

"ಇಲ್ಲ ಮಾವ. ಈ ಕಡೆ ಬಿಟ್ಟೇ ಓಗಿರ್ಬೇಕು," ಅಂದೆ.

ಮಾವ ಬಲೆ ಸುತ್ತಿಟ್ಟರು. ಆಮೇಲೆ ಬೇರೆ ದಿಕ್ಕಿನ ಕುರುಚಲು ಕಾಡಿಗೆ ಹೋಗೋಣ ಅಂತ ಗಂಡಸರಿಗೆ ಹೇಳಿಕಳಿಸಿದರು.

ಮಾವ ಒಳ್ಳೆಯವರು, ಆದರೆ ಇನ್ನೊಂದು ಸಲ ಕೇಳಿಯೇ ಕೇಳುವವರು. ನಾನು ದಿನವೂ ತೂಬಿಗೆ ಹೋಗಿ ಬರುತ್ತಿದ್ದರೆ ಒಂದಲ್ಲ ಒಂದು ದಿನ ನನ್ನ ಹಿಂದೆ ಯಾರಾದರೂ ಬಂದೇ ಬರುತ್ತಿದ್ದರು. ಅದೂ ಅಲ್ಲದೆ ನಾನು ಕೂತಿದ್ದರೆ ಅದು ನೀರು ಕುಡಿಯುತ್ತಿರಲಿಲ್ಲ. ದನಗಳಿಗೂ ಪಾತ್ರೆಗೂ ಬಾವಿ ನೀರನ್ನೇ ಸೇದುತ್ತೇನೆ ಅಂತ ಅತ್ತೆಗೆ ಹೇಳಿದೆ. ತೋಳು ಬಿದ್ದುಹೋಗುತ್ತೆ ಅಂದರು, ಕಾರಣ ಕೇಳಲಿಲ್ಲ. ಮಾರನೆಯ ದಿನ ನರಿ ನೀರಿಗೆ ಬರುವ ಹೊತ್ತಿಗೆ ನಾನು ಬಾವಿಕಟ್ಟೆಯಲ್ಲಿ ಹಗ್ಗ ಹಿಡಿದು ನನ್ನ ಸರದಿಗೆ ಕಾಯುತ್ತಿದ್ದೆ.