ಮೆಲ್ಲಗೆ ಮಾತಾಡಲು ಕಲಿತ ಮಗಳು

ಗೆಳೆಯರೇ, ಇಂದು ಬೆಳಿಗ್ಗೆ ಬನಹಟ್ಟಿಯ ನಮ್ಮ ಓಣಿಯ ಅಂಗನವಾಡಿಗೆ ಜಗಳವಾಡಲೆಂದೇ ಹೋಗಿದ್ದೆ.

"ಅಕ್ಕೋರ, ನಮ್ಮ ಸಾವಿತ್ರಿ ಇಲ್ಲಿಗೆ ಬರಾಕತ್ತಿ ಆರು ತಿಂಗಳಾತು. ಎಬಿಸಿಡಿ ಬರಂಗಿಲ್ಲ, ಮನ್ಯಾಗ ಏನೂ ಹೇಳಿ ತೋರಸಂಗಿಲ್ಲ. ಬರೇ ಆಟಾ ಆಡಸ್ತೀರೇನ್ರಿ?" ಎಂದೆ.

ಅಂಗನವಾಡಿಯ ಅಕ್ಕೋರು ಸಿಟ್ಟಾಗಲಿಲ್ಲ. "ಬಂದ ಹೊಸದಾಗ ಆಕಿ ಎಲ್ಲಾ ಮಾತೂ ಚೀರಿನ ಹೇಳ್ತಿದ್ಲರಿ. ಉಳಿದ ಹುಡುಗರು ಅಂಜಿ ಅಳ್ತಿದ್ವು. ಈಗ ಮೆಲ್ಲಕ ಮಾತಾಡ್ತಾಳ. ದಿನಾ ಒಂದು ಕಥಿ ಹೇಳ್ತಾಳ, ಭಾಳ ಛಲೋ ಹೇಳ್ತಾಳ. ಮನ್ಯಾಗ ಹೇಳೂದಿಲ್ಲೇನ್ರಿ?"

ನಮ್ಮದು ನಾಲ್ಕು ಪವರ್‌ಲೂಮ್ ಓಡುವ ಮನೆ. ಚೀರದಿದ್ದರೆ ಆ ಮಗ್ಗಗಳ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.

ಮಧ್ಯಾಹ್ನ ಮಗಳನ್ನು ಕರೆತಂದವನೇ ಮಗ್ಗಗಳನ್ನೆಲ್ಲ ನಿಲ್ಲಿಸಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

"ಅಲ್ಲಿ ಕಥಿ ಹೇಳ್ತಿಯಂತಲ್ಲಾ, ನನಗೂ ಒಂದು ಹೇಳವಾ."

"ದಿನಾ ಹೇಳೇನಲ್ಲಪಾ," ಎಂದಳು ಸಣ್ಣ ದನಿಯಲ್ಲಿ. "ನೀ ಗೋಣ ಅಲ್ಲಾಡಸ್ತಿದ್ದಿ."

ಅಲ್ಲಾಡಿಸಿದ್ದು ನಿಜ. ಆಡಲು ಹೋಗಲೇ ಎಂದು ಕೇಳುತ್ತಿದ್ದಾಳೆ ಅಂದುಕೊಂಡಿದ್ದೆ.